ಗೋಡೆಯ ಮೇಲಿನ ಎರಡು ಸಹಿ

ಸವಣೂರ ಸರ್ ತಮ್ಮೊಂದಿಗೆ ತಾವೇ ಜಗಳಾಡುತ್ತಿದ್ದರು, ಅದೂ ಕಾಲೇಜಿನ ಗೋಡೆಯ ಮೇಲೆ. ಎಪ್ಪತ್ತರ ದಶಕದಲ್ಲಿ ಗದಗಿನಲ್ಲಿ ನಮಗೆ ತತ್ವಶಾಸ್ತ್ರ ಕಲಿಸುತ್ತಿದ್ದ ಅವರು ಗೋಡೆಪತ್ರಿಕೆಗೆ ವಾರ ವಾರ ಎರಡು ಲೇಖನ ಬರೆಯುವರು. ಒಂದಕ್ಕೆ 'ಗೃಹಸ್ಥ' ಎಂದು ಸಹಿ, ಇನ್ನೊಂದಕ್ಕೆ 'ದಾರಿಹೋಕ'. ಗೃಹಸ್ಥ ಬರೆದದ್ದನ್ನು ದಾರಿಹೋಕ ಹಿಗ್ಗಾಮುಗ್ಗಾ ಜಾಡಿಸುತ್ತಿದ್ದ. ಅಕ್ಷರ ಮಾತ್ರ ಎರಡರದ್ದೂ ಒಂದೇ.

"ಇದರಾಗ ನಿಮ್ಮ ಮಾತು ಯಾವುದ್ರಿ ಸರ್?" ಎಂದು ಕೇಳಿದರೆ, "ನಂದು ತಗೊಂಡು ಏನ್ ಮಾಡ್ತಿ? ನಿಂದು ಯಾವುದು, ಅದನ್ನ ಹೇಳು" ಎಂದು ಬಾಯಿಗೆ ಎಲೆಯಡಿಕೆ ಹಾಕಿಕೊಂಡುಬಿಡುವರು. ಅಸ್ತಿತ್ವವಾದದ ಪಾಠದ ನಡುವೆ ಕಾವ್ಯಮೀಮಾಂಸೆಯ ಧ್ವನಿಯನ್ನು ಎಳೆದು ತರುವುದು ಅವರ ಚಟ. "ಮುಂಡರಗಿ ಬಸ್ ಎಷ್ಟೊತ್ತಿಗೆ ಐತಿ ಅನ್ನೋದನ್ನ ನೇರ ಹೇಳಬಹುದು. ಹೆಂಗ ಬಾಳಬೇಕು ಅನ್ನೋದನ್ನ ಹಂಗ ಹೇಳಾಕ ಬರೂದಿಲ್ಲ. ಅದಕ್ಕ ಕವಿ ಸೂಚಿಸಿ ಬಾಜೂಕ ಸರೀತಾನ. ಮುಂದಿಂದು ಓದಾವನ ಪಾಲಿನ ಕೆಲಸ."

ನನ್ನ ಬಿ.ಎ. ಮುಗಿಯುವಷ್ಟರಲ್ಲಿ ಅಬ್ಬಾ ತೀರಿಕೊಂಡರು. ಲಕ್ಷ್ಮೇಶ್ವರದ ಬಜಾರದಲ್ಲಿ ನಮ್ಮದು ಅರಿವೆ ಅಂಗಡಿ. ಮನೆಯಲ್ಲಿ ಅಮ್ಮಾ, ಇಬ್ಬರು ತಂಗಿಯರು. ನನಗೋ ಧಾರವಾಡದಲ್ಲಿ ಎಂ.ಎ. ಮಾಡುವ ಹುಚ್ಚು.

"ಅಂಗಡ್ಯಾಗ ಕುಂಡ್ರಲೋ, ಓದಾಕ ಹೋಗಲೋ? ಒಂದ ಮಾತು ಹೇಳ್ರಿ ಸರ್" ಎಂದು ಅಂಗಲಾಚಿದೆ. ಅವರ ಕಣ್ಣು ತುಂಬಿದವು, ಆದರೂ ಬಾಯಿಗೆ ಎಲೆಯಡಿಕೆ ಹಾಕಿಕೊಂಡರು. ಮುಂದಿನ ವಾರ ಗೋಡೆಯ ಮೇಲೆ ಮನೆಯ ಹೊಣೆಯ ಬಗ್ಗೆ ಗೃಹಸ್ಥ ಬರೆದಿದ್ದ, ಮನೆ ಬಿಟ್ಟು ಹೋಗುವ ಧೈರ್ಯದ ಬಗ್ಗೆ ದಾರಿಹೋಕ. ಓದಿದರೆ ಎರಡೂ ಖರೆ! ಮೈಯೆಲ್ಲ ಉರಿದುಹೋಯಿತು. ಇವರೆಂಥ ಗುರು ಎಂದು ಬೈದುಕೊಳ್ಳುತ್ತಲೇ ಎರಡನ್ನೂ ಮತ್ತೆ ಮತ್ತೆ ಓದಿದೆ. ಕೊನೆಗೆ ನಾನೇ ನಿರ್ಧರಿಸಿ ಅಂಗಡಿಯಲ್ಲಿ ಕುಳಿತೆ, ತಂಗಿಯರ ಮದುವೆ ಮಾಡಿದೆ. ಧಾರವಾಡದ ಬಸ್ಸು ಕಂಡಾಗ ಅಳೆಯುತ್ತಿದ್ದ ಅರಿವೆ ಬಿಟ್ಟು, ಅದು ಮರೆಯಾಗುವವರೆಗೂ ನೋಡುತ್ತಿದ್ದೆ. ಆದರೆ ದೂರಲು ಯಾರೂ ಇರಲಿಲ್ಲ.

ಎಂಬತ್ತರ ದಶಕದ ಕೊನೆಗೆ ಸರ್ ಹಾಸಿಗೆ ಹಿಡಿದ ಖಬರ ಬಂತು. ಬೆಟಗೇರಿಯ ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದರು. ಮದುವೆಯಾದವರಲ್ಲ, ಪಕ್ಕದ ಮನೆಯಾಕೆ ಗಂಜಿ ಕುಡಿಸಿ ಹೋಗುತ್ತಿದ್ದಳು. ತುಸು ಹೊತ್ತು ಮಾತಾಡಿ, ಮಧ್ಯಾಹ್ನದ ಬಸ್ಸಿಗೆಂದು ಎದ್ದೆ. ಮುಂಗೈ ಹಿಡಿದರು.

"ಮೆಹಬೂಬ, ನನಗ ಅಂಜಿಕಿ ಆಗಾಕತ್ತೈತಿ. ನೀ ಹೋಗಬ್ಯಾಡ."

ಇಷ್ಟು ವರ್ಷ ನಾನು ಬೇಡಿದ್ದ ನೇರ ಮಾತು. ಅದು ಸಿಗದಿದ್ದರೇ ಚೆನ್ನಾಗಿತ್ತು ಎನ್ನಿಸಿ ಅಳು ಒತ್ತರಿಸಿ ಬಂತು. ಮತ್ತೆ ಕುಳಿತೆ. ಹೊತ್ತು ಮುಳುಗುವ ಮೊದಲೇ ಸರ್ ಹೋಗಿಬಿಟ್ಟರು. ಅವರ ಕೈ ತಣ್ಣಗಾದ ಮೇಲೂ ನಾನು ಏಳಲಿಲ್ಲ.