ಗೋದಾಮಿನ ಗೋಡೆಯ ಹಲ್ಲಿ

ಈಗಿನ ಕಾರುಗಳಲ್ಲಿ ಕತ್ತಲಾಗುತ್ತಿದ್ದಂತೆ ದೀಪ ತಾನೇ ಹತ್ತಿಕೊಳ್ಳುತ್ತದಂತೆ. ಹತ್ತಲಿ, ಬೇಡ ಅನ್ನುವುದಕ್ಕೆ ನಾನ್ಯಾರು. ಆದರೆ ನಾನು ಹೊನ್ನಾಳಿಯಲ್ಲಿ ಗಾಡಿಗಳ ವೈರಿಂಗ್ ಅಂಗಡಿ ಇಟ್ಟಿದ್ದ ಕಾಲದಲ್ಲಿ ದೀಪ ಹಾಕಿಸುವುದೇ ಒಂದು ಜಗಳವಾಗಿತ್ತು. ಬ್ಯಾಟರಿ ಇಳಿದುಹೋಗುತ್ತದೆ ಅಂತ ಡ್ರೈವರುಗಳು ಮುಖ ಕಾಣದಷ್ಟು ಕತ್ತಲಾಗುವವರೆಗೂ ಸ್ವಿಚ್ ಮುಟ್ಟುತ್ತಿರಲಿಲ್ಲ. ಮುಟ್ಟಿದ ಮೇಲೆ ಮಾತ್ರ ದೇವರ ಮುಂದೆ ನಿಂತವರಂತೆ ಕಣ್ಣಿಗೊತ್ತಿಕೊಂಡು ಕೈ ಮುಗಿಯುತ್ತಿದ್ದರು. ನಾನು ಬೈಯುತ್ತಿದ್ದೆ: "ದೀಪ ಹಾಕೋದು ನಿನಗೆ ದಾರಿ ಕಾಣಲಿ ಅಂತ ಅಷ್ಟೇ ಅಲ್ಲ ಮಾರಾಯ, ಎದುರಿನವನಿಗೆ ನೀನು ಕಾಣಲಿ ಅಂತಾನೂ ಹೌದು. ಕೈ ಆಮ್ಯಾಲೆ ಮುಗಿ, ದೀಪ ಮೊದಲು ಹಾಕು."

ಬೈಯುವುದರಲ್ಲಿ ನಾನು ಎತ್ತಿದ ಕೈ. ಗಿರಾಕಿಗಳು ಅದನ್ನೂ ಕೆಲಸದ ಒಂದು ಭಾಗ ಅಂತಲೇ ಒಪ್ಪಿಕೊಂಡಿದ್ದರು. ಟ್ಯಾಕ್ಸಿಯವರು ಮೀಟರ್ ಬೋರ್ಡಿಗೆ ಕೆಂಪು, ಹಸಿರು ಬಲ್ಬು ಹಾಕಿ ಮದುವೆ ಚಪ್ಪರದ ಹಾಗೆ ಬೆಳಗಿಸಿಕೊಡಿ ಅಂತ ಬರುತ್ತಿದ್ದರು. "ಒಳಗೆ ಬೆಳಕು ಜಾಸ್ತಿ ಆದ್ರೆ ಹೊರಗಿನ ರಸ್ತೆ ಕಾಣಲ್ಲ. ಮುಳ್ಳು ಕಂಡ್ರೆ ಸಾಕು ನಿನಗೆ" ಅಂತ ಇದ್ದ ಬಲ್ಬನ್ನೂ ಕಿತ್ತು ಸಣ್ಣದು ಹಾಕಿ ಕಳಿಸುತ್ತಿದ್ದೆ. ನನ್ನ ಹೆಂಡತಿ ಈ ಮಾತನ್ನು ಎಷ್ಟು ಸಲ ಕೇಳಿದ್ದಳೆಂದರೆ, ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಅವಳೇ ಮುಗಿಸುತ್ತಿದ್ದಳು.

ಅಂಗಡಿಯ ಹಿಂದೆಯೇ ಮನೆ. ಮನೆಯ ಮುಂದೆ ಖಾಲಿ ಜಾಗ, ಅದರಾಚೆ ಅಕ್ಕಿ ಗಿರಣಿಯ ಗೋದಾಮಿನ ಉದ್ದನೆಯ ಬಿಳಿ ಗೋಡೆ. ನನ್ನ ಹೆಸರು ನಿಂತಿದ್ದೇ ಆ ಗೋಡೆಯ ಮೇಲೆ. ಹೆಡ್‌ಲೈಟಿನ ಬೆಳಕು ರಸ್ತೆಯ ಮೇಲೆ ಎಲ್ಲಿ ಬೀಳಬೇಕು ಅಂತ ಕೂರಿಸುವುದಕ್ಕೆ ಫೋಕಸ್ ಮಾಡುವುದು ಅನ್ನುತ್ತಿದ್ದೆವು. ಗೋಡೆಯ ಮೇಲೆ ಇದ್ದಿಲಿನಿಂದ ಒಂದು ಅಡ್ಡಗೆರೆ ಎಳೆದಿದ್ದೆ. ದೀಪ ಹಚ್ಚುವ ಹೊತ್ತಿಗೆ ಗಾಡಿಯನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಒಂದು ದೀಪಕ್ಕೆ ಗೋಣಿಚೀಲ ಹೊದಿಸಿ, ಇನ್ನೊಂದರ ಸ್ಕ್ರೂ ತಿರುಗಿಸಿ ಬೆಳಕಿನ ಅಂಚನ್ನು ಗೆರೆಗೆ ತರಬೇಕು. ಬಲಗಡೆಯ ದೀಪ ಒಂಚೂರು ಮೇಲಾದರೂ ಅದು ನೇರ ಎದುರಿನವನ ಕಣ್ಣಿಗೇ ಹೊಡೆಯುತ್ತದೆ. ಜಗಳೂರಿನ ಕಡೆಯವರಿಗೆ ರಸ್ತೆ ನೆಟ್ಟಗಿರುತ್ತದೆ, ಬೆಳಕು ದೂರ ಹೋಗಬೇಕು. ನ್ಯಾಮತಿ, ಸವಳಂಗದ ಕಡೆಯವರಿಗೆ ತಿರುವುಗಳು, ಅವರಿಗೆ ಅರ್ಧ ಬೆರಳು ಕೆಳಗೆ. ಇದನ್ನೆಲ್ಲ ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ, ನನ್ನ ಕಣ್ಣಲ್ಲಿತ್ತು. ಚನ್ನಗಿರಿಯಿಂದಲೂ ಟ್ಯಾಕ್ಸಿಯವರು ಅಷ್ಟು ದೂರ ಬರುತ್ತಿದ್ದರು.

ಹೆಂಡತಿ ಆ ಹೊತ್ತಿಗೆ ಬಾಗಿಲ ಮೆಟ್ಟಿಲ ಮೇಲೆ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಾ ಕೂತಿರುತ್ತಿದ್ದಳು. ಜಗಳೂರಿನವಳು. ಚಿಕ್ಕವಳಿದ್ದಾಗ ಮನೆ ಮುಂದಿನ ಕಟ್ಟೆಯ ಮೇಲೆ ಕೂತು, ಮೈಲುಗಟ್ಟಲೆ ದೂರದಲ್ಲಿ ಬರುವ ದೀಪ ನೋಡಿ ಬಸ್ಸೋ ಲಾರಿಯೋ ಹೇಳುತ್ತಿದ್ದಳಂತೆ. ಅದನ್ನು ಕೇಳಿ ನಾನು ನಗುತ್ತಿದ್ದೆ.

ಎಂಬತ್ತರ ದಶಕದ ನಡುವಿನ ಮಾತು, ನನಗೆ ಐವತ್ತಕ್ಕೆ ಇನ್ನೂ ಸ್ವಲ್ಪ ಬಾಕಿಯಿತ್ತು. ಒಂದು ಸಂಜೆ ಸ್ಕ್ರೂ ತಿರುಗಿಸಿ ಎದ್ದಾಗ ಅವಳು ಮೊರದಿಂದ ತಲೆಯೆತ್ತದೆ ಅಂದಳು: "ಅಯ್ಯೋ, ಗೆರೆಗಿಂತ ಮ್ಯಾಲಿದ್ದ ಹಲ್ಲಿ ಓಡಿಹೋಯ್ತು ನೋಡ್ರಿ. ಪಾಪ, ಕಣ್ಣಿಗೆ ಹೊಡೀತೇನೋ."

"ನಿನಗೆ ಹಲ್ಲಿನೇ ಕಾಣೋದು" ಅಂದೆ. ಅಂದು, ಗೊಣಗುತ್ತಲೇ ಸ್ಕ್ರೂವನ್ನು ಅರ್ಧ ಸುತ್ತು ಕೆಳಕ್ಕೆ ತಿರುಗಿಸಿದೆ. ಅದಾದ ಮೇಲೆ ಆ ಹಲ್ಲಿ ವಾರಕ್ಕೆರಡು ಸಲವಾದರೂ ಓಡತೊಡಗಿತು. ಕೆಲವು ದಿನ ಗೆರೆಗಿಂತ ಮೇಲಿರುವ ಬಿರುಕು ಎಂದಿಗಿಂತ ಚೆನ್ನಾಗಿ ಕಾಣುತ್ತಿದೆ ಅನ್ನುತ್ತಿದ್ದಳು. ನಾನು ಬೈದುಕೊಳ್ಳುತ್ತಲೇ ತಿರುಗಿಸುತ್ತಿದ್ದೆ. ಬೆಳಕಿನ ಅಂಚು ಮೊದಲಿನಂತೆ ಚೂಪಾಗಿಲ್ಲ ಅನ್ನಿಸುತ್ತಿದ್ದದ್ದು ನಿಜ. ಅದಕ್ಕೆ ಬಲ್ಬು ಮಾಡುವವರನ್ನು ಬೈದೆ, ಕರೆಂಟು ಕೊಡುವ ಡೈನಮೋಗಳನ್ನು ಬೈದೆ, ಗೋಡೆ ಮಾಸಿದೆ ಅಂತ ಗಿರಣಿಯವರ ಹತ್ತಿರ ಹಟ ಮಾಡಿ ಸುಣ್ಣ ಹೊಡೆಸಿ, ಅದೇ ಅಳತೆಗೆ ಗೆರೆಯನ್ನು ಮತ್ತೆ ಎಳೆದೆ.

ಮರುವರ್ಷ ಹೆಂಡತಿ ತನ್ನ ತಂಗಿಯ ಬಾಣಂತನಕ್ಕೆ ಜಗಳೂರಿಗೆ ಹೋದಳು. ಎರಡು ತಿಂಗಳು. ಅಷ್ಟರಲ್ಲಿ ನಾನೊಬ್ಬನೇ ಹನ್ನೊಂದು ಗಾಡಿಗಳಿಗೆ ಫೋಕಸ್ ಮಾಡಿದೆ. ಹಲ್ಲಿಯ ಸುದ್ದಿಯಿಲ್ಲದೆ ಕೆಲಸ ಎಷ್ಟು ಬೇಗ ಮುಗಿಯುತ್ತದಲ್ಲ ಅಂತ ಖುಷಿಯೂ ಆಯಿತು.

ಸಾಸ್ವೆಹಳ್ಳಿಯಲ್ಲಿ ಒಂದು ಟ್ರ್ಯಾಕ್ಟರಿನ ವೈರ್ ಸುಟ್ಟಿದೆ ಅಂತ ಕರೆ ಬಂದಿತ್ತು. ಕೆಲಸ ಮುಗಿಸಿ ಸೈಕಲ್ಲಿನಲ್ಲಿ ಹೊರಟಾಗ ಹೊತ್ತು ಮುಳುಗಿತ್ತು. ಎದುರಿಗೆ ಒಂದು ಗಾಡಿ ಬಂತು. ಡಿಮ್ಮಿನಲ್ಲೇ ಇದ್ದರೂ ಅದರ ಬಲಗಡೆಯ ದೀಪ ನನ್ನ ಮುಖಕ್ಕೆ ಬಿಳಿ ಬಟ್ಟೆ ಎಸೆದಂತೆ ಬಂದು ಬಡಿಯಿತು. ರಸ್ತೆ ಎಲ್ಲಿ, ಅಂಚು ಎಲ್ಲಿ, ಏನೂ ಗೊತ್ತಾಗಲಿಲ್ಲ. ಸೈಕಲ್ ಸಮೇತ ಗದ್ದೆಯ ಕೆಸರಿಗೆ ಬಿದ್ದೆ.

ಗಾಡಿ ನಿಂತಿತು. ನನ್ನ ಬಾಯಿ ಕೆಸರಿನಿಂದ ಹೊರಗೆ ಬಂದ ತಕ್ಷಣ ಕೆಲಸ ಶುರು ಮಾಡಿತು. "ಯಾವ ಕುರುಡ ಕೂರಿಸಿದ್ದೋ ಈ ದೀಪಾನ? ಅವನ ಕೈ ಕತ್ತರಿಸಬೇಕು!"

ಡ್ರೈವರ್ ಓಡಿಬಂದು ನನ್ನನ್ನು ಎತ್ತಿದ. ನ್ಯಾಮತಿಯ ಜೀಪಿನವನು, ನನ್ನ ಹಳೇ ಗಿರಾಕಿ. ಗುರುತು ಸಿಕ್ಕಿದ ಮೇಲೆ ಅವನು ಬಹಳ ಮೆಲ್ಲಗೆ ಅಂದ: "ಅಣ್ಣಾರ, ನೀವೇ ಅಲ್ವೇನ್ರೀ ಕೂರಿಸಿದ್ದು? ಹೋದ ವಾರ."

ನಾನು ಮುಖದ ಕೆಸರು ಒರೆಸಿಕೊಂಡೆ. ಅವನೇ ಮುಂದುವರಿಸಿದ: "ಎದುರು ಬರೋರೆಲ್ಲ ಬೈತಿದ್ರು. ನೀವು ಕೂರಿಸಿದ ದೀಪ ಅಂದ್ಮ್ಯಾಲೆ ತಪ್ಪಿರಾಕೆ ಹೆಂಗೆ ಸಾಧ್ಯ ಅಂತ ನಾನೇ ಅವರಿಗೆ ತಿರುಗಿ ಬೈತಿದ್ದೆ."

ಆ ಕೆಸರಿಗಿಂತ ಈ ಮಾತೇ ನನಗೆ ಹೆಚ್ಚು ಅಂಟಿಕೊಂಡಿತು.

ಮರುದಿನ ಸಂಜೆ ಅವನನ್ನು ಕರೆಸಿ ಜೀಪನ್ನು ಗೋಡೆಗೆ ನಿಲ್ಲಿಸಿದೆ. ನನ್ನ ಕಣ್ಣಿಗೆ ಬೆಳಕು ಸರಿಯಾಗಿ ಗೆರೆಯ ಮೇಲೇ ಇತ್ತು. ಸುಮ್ಮನೆ ಅವನನ್ನು ಕೇಳಿದೆ, ಎಲ್ಲೈತೆ ನೋಡು ಅಂತ. "ಗೆರೆಗಿಂತ ಒಂದು ಗೇಣು ಮ್ಯಾಲೈತಲ್ರೀ" ಅಂದ. ಆಗ ನಿಜ ಹೇಳಬೇಕಿತ್ತು. ಹೇಳಲಿಲ್ಲ. "ಸ್ಕ್ರೂ ಸಡಿಲ ಆಗೈತೆ, ಹೊಸದು ತರಿಸ್ತೀನಿ. ಅಲ್ಲಿವರೆಗೂ ಕತ್ತಲಲ್ಲಿ ಗಾಡಿ ತೆಗೀಬೇಡ" ಅಂದುಬಿಟ್ಟೆ. ಅವನು ನಂಬಿದ. ಅವನು ನಂಬಿದ್ದಕ್ಕೆ ನನಗೆ ಅವನ ಮೇಲೇ ಸಿಟ್ಟು ಬಂತು.

ಒಂದು ಜೀಪು ನಿಲ್ಲಿಸಿದ್ದೆ, ಇನ್ನೂ ಹತ್ತು ಗಾಡಿಗಳು ರಸ್ತೆಯಲ್ಲಿದ್ದವು. ನಾನೇನೋ ಗದ್ದೆಗೆ ಬಿದ್ದೆ. ಮುಂದಿನವನು ಸೇತುವೆಯ ಮೇಲೆ ಎದುರಾದರೆ? ಉಬ್ರಾಣಿಯ ಒಬ್ಬನಂತೂ ಬಾಡಿಗೆಗೆ ಕಾರು ಓಡಿಸುವವನು, ದಿನಾ ಸಂಜೆ ಚನ್ನಗಿರಿಯಿಂದ ಜನ ತುಂಬಿಕೊಂಡು ವಾಪಸಾಗುತ್ತಿದ್ದ. ಊಟ ಸೇರಲಿಲ್ಲ. ಬೆಳಿಗ್ಗೆ ಮಗು ನೋಡಿಕೊಂಡು ಬರುವ ನೆಪ ಹೇಳಿಕೊಂಡು ಜಗಳೂರಿನ ಬಸ್ಸು ಹತ್ತಿದೆ.

ಮಗು ನೋಡಿದ್ದಾಯಿತು, ಕಾಫಿಯಾಯಿತು. ಸಂಜೆ ಹೆಂಡತಿಯೂ ನಾನೂ ಕಟ್ಟೆಯ ಮೇಲೆ ಕೂತೆವು. ಬಯಲು ಎಲ್ಲಾ ಕಡೆ ಬಿಚ್ಚಿಕೊಂಡಿತ್ತು. ದೂರದಲ್ಲಿ ಬೆಳಕು ಕಾಣಿಸಿತು.

"ಲಾರಿ" ಅಂದಳು. "ಬಲಗಡೇದು ಒಂಚೂರು ಮಂಕೈತೆ."

ನಾನು ಕಣ್ಣು ಕಿರಿದು ಮಾಡಿ ನೋಡಿದೆ, ಅಗಲಿಸಿ ನೋಡಿದೆ. "ನನಗೆ ಎರಡು ಕಾಣ್ತಿಲ್ಲ ಕಣೇ" ಅಂದೆ. "ಒಂದೇ ಕಾಣ್ತೈತೆ. ಹಿಟ್ಟು ಚೆಲ್ಲಿದಂಗೆ."

"ಗೊತ್ತು" ಅಂದಳು.

"ಯಾವಾಗಿಂದ?"

"ಹೋದ ದೀವಳಿಗೆಯಿಂದ."

ನನಗೆ ಸಿಟ್ಟು ನೆತ್ತಿಗೇರಿತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕೂತಿದ್ದೆಯಾ, ಯಾರಾದರೂ ಸತ್ತಿದ್ದರೆ ಯಾರು ಹೊಣೆ ಅಂತ ಕೂಗಿದೆ. ಒಳಗಿನಿಂದ ಅತ್ತೆ ಬಂದು ಇಣುಕಿ ಹೋದರು. ಹೆಂಡತಿ ನಾನು ಮುಗಿಸುವವರೆಗೂ ಕಾದಳು.

"ದಿನಾ ಹೇಳ್ತಿದ್ನಲ್ರೀ. ನೇರ ಹೇಳಿದ್ರೆ ನೀವು ಕೇಳೋರಾ? ಡಾಕ್ಟರ ಹತ್ರ ಹೋಗಾನ ಅಂದಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ರಿ."

ಅದು ನೆನಪಾಯಿತು. ಜೊತೆಗೆ ಇನ್ನೊಂದೂ ನೆನಪಾಯಿತು. "ಆ ಹಲ್ಲಿ…" ಅಂದೆ.

"ಹೊಸದಾಗಿ ಸುಣ್ಣ ಹೊಡೆಸಿದ ಗೋಡೇಲಿ ಹಲ್ಲಿ ಎಲ್ಲಿಂದ ಬರತೈತ್ರೀ?" ಅಂದಳು. ಒಂದು ವರ್ಷ ನನ್ನ ಕಸುಬನ್ನು ಇಲ್ಲದ ಹಲ್ಲಿಯೊಂದು ಕಾಯ್ದಿತ್ತು. ಅಳು ಬಂತು. ನಗುವೂ ಬಂತು. ಅವಳು ಮಾತ್ರ ನಗಲಿಲ್ಲ. "ಎರಡು ತಿಂಗಳು ಬಿಟ್ಟು ಬರಬಾರದಿತ್ತು ನಾನು. ತಂಗಿ ಕರೆದಳು ಅಂತ ಬಂದೆ, ದಿನಾ ಸಂಜೆ ಇಲ್ಲಿ ಕೂತು ನಿಮ್ಮದೇ ಚಿಂತೆ" ಅಂದಳು.

ಮಾರನೆಯ ದಿನ ಅವಳನ್ನು ಕರೆದುಕೊಂಡು ಬಂದೆ. ಬಸ್ ಸ್ಟ್ಯಾಂಡಿನಲ್ಲಿ ಇಳಿದವನು ಮನೆಗೂ ಹೋಗದೆ, ಅಲ್ಲಿದ್ದ ಡ್ರೈವರು ಕಂಡಕ್ಟರುಗಳಿಗೆಲ್ಲ ಹೇಳಿದೆ. ನನ್ನ ಕಣ್ಣು ಮಂಜಾಗಿದೆ, ಈ ಎರಡು ತಿಂಗಳಲ್ಲಿ ಫೋಕಸ್ ಮಾಡಿಸಿದವರೆಲ್ಲ ವಾಪಸ್ ಬರಬೇಕು, ಬರುವವರೆಗೂ ಕತ್ತಲಲ್ಲಿ ಗಾಡಿ ಓಡಿಸಬಾರದು ಅಂತ. ಒಂದೊಂದು ಗಾಡಿಯನ್ನೂ ಬಣ್ಣ ಹೇಳಿ, ಊರು ಹೇಳಿ ಗುರುತು ಕೊಟ್ಟೆ. ಚನ್ನಗಿರಿಯ ಬಸ್ಸಿನವನು ಎರಡು ಸಲ ಕೇಳಿದ, "ಇದನ್ನ ಹಿಂಗೇ ಹೇಳಬೇಕೇನ್ರೀ? ನಿಮ್ಮ ಕಣ್ಣು ಮಂಜಾಗೈತೆ ಅಂತಾನೇ?" ಹಿಂಗೇ ಹೇಳು ಅಂದೆ. ನಾಲ್ಕೂರಿನಲ್ಲಿ ಸುದ್ದಿ ಹರಡಲು ಎರಡು ದಿನ ಸಾಕಾಯಿತು.

ಜೀಪಿನವನು ಮೊದಲು ಬಂದ. ಸ್ಕ್ರೂ ಸಡಿಲ ಅಂದದ್ದು ಸುಳ್ಳು ಅಂತ ಅವನಿಗೆ ಹೇಳುವಾಗ ನನ್ನ ಕಿವಿ ಬಿಸಿಯಾಗಿತ್ತು. ಒಬ್ಬೊಬ್ಬರಾಗಿ, ಅವನದೂ ಸೇರಿ ಹತ್ತು ಗಾಡಿ ಬಂದವು. ಇಬ್ಬರು ನಕ್ಕರು, ಒಬ್ಬ ಚೆನ್ನಾಗಿ ಬೈದ. ಬೈಸಿಕೊಂಡೆ. ಎಲ್ಲರ ದೀಪವನ್ನೂ ನಾವಿಬ್ಬರೂ ಸೇರಿ ಇಳಿಸಿ ಕಳಿಸಿದೆವು. ಉಬ್ರಾಣಿಯ ಕಾರು ಮಾತ್ರ ಬರಲಿಲ್ಲ. ದಾವಣಗೆರೆಗೆ ಹೋಗಿ ಕಣ್ಣು ತೋರಿಸಿದೆ, ಎರಡಕ್ಕೂ ಪೊರೆ, ಇನ್ನೂ ಬಲಿಯಲಿ, ಆಮೇಲೆ ತೆಗೆಯುತ್ತೇವೆ ಅಂದರು. ಕಾರು ಬರಲಿಲ್ಲ. ಪ್ರತಿ ಸಂಜೆ ಹೆಂಡತಿ ಮೊರ ಹಿಡಿದು ಮೆಟ್ಟಿಲ ಮೇಲೆ, ನಾನು ಅಂಗಡಿಯ ಬಾಗಿಲಲ್ಲಿ. ಚನ್ನಗಿರಿಯ ಬಸ್ಸು ಬಂದಾಗಲೆಲ್ಲ ಹೋಗಿ ಕೇಳುತ್ತಿದ್ದೆ, ಆ ಕಡೆ ಏನಾದರೂ ಆಗಿದೆಯಾ ಅಂತ. ಏನೂ ಇಲ್ಲ ಅನ್ನುತ್ತಿದ್ದರು. ನನಗೆ ನಂಬಿಕೆ ಬರುತ್ತಿರಲಿಲ್ಲ.

ಮೂರನೆಯ ವಾರ ಬಂತು ಕಾರು. ಹೊತ್ತಿಳಿಯುವ ಮುಂಚೆಯೇ ಬಂದು ನಿಂತಿತು. ನಾನು ಹೋಗಿ ಅದರ ಬಾನೆಟ್ಟನ್ನು ಎಮ್ಮೆಯ ಬೆನ್ನು ಸವರಿದ ಹಾಗೆ ಸವರಿದೆ.

"ಸುದ್ದಿ ಅವತ್ತೇ ಮುಟ್ಟಿತು. ಅವತ್ತಿಂದ ಬೆಳಕಿರೋವಾಗಲೇ ಊರು ಸೇರಿಕೊಳ್ತಿದ್ದೆ" ಅಂದ ಡ್ರೈವರ್. "ಆದ್ರೆ ಕಣ್ಣು ಕಾಣದಿದ್ರೆ ನೀವು ಮತ್ತೆ ಹೆಂಗೆ ಸರಿ ಮಾಡ್ತೀರಿ ಅಂತ ಯೋಚನೆ ಮಾಡ್ತಿದ್ದೆ. ತಪ್ಪು ತಿಳೀಬೇಡ್ರಿ."

"ನನಗೆ ಕಾಣಲ್ಲ" ಅಂದೆ. "ಇವಳಿಗೆ ಕಾಣ್ತೈತೆ."

ಹೆಂಡತಿಯನ್ನು ಕರೆದೆ. "ತಡೀರಿ, ಅಕ್ಕಿ ಮುಗೀಲಿ" ಅಂದಳು. ಹೊತ್ತು ಮುಳುಗುವವರೆಗೂ ಇಬ್ಬರನ್ನೂ ನಿಲ್ಲಿಸಿಯೇ ಆಮೇಲೆ ಎದ್ದು ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಕಾರಿನ ಪಕ್ಕ ನಿಂತಳು. ಡ್ರೈವರ್ ಸ್ವಿಚ್ ಹಾಕಿ ಕೈ ಮುಗಿದ. ನಾನು ಎಡಗಡೆಯ ದೀಪಕ್ಕೆ ಗೋಣಿಚೀಲ ಹೊದಿಸಿ, ಸ್ಕ್ರೂಡ್ರೈವರ್ ಹಿಡಿದು ಬಲಗಡೆಯದರ ಮುಂದೆ ಕೂತೆ.

"ಹಲ್ಲಿ ಏನಂತೈತೆ?" ಅಂದೆ.

"ಹಲ್ಲಿ ಇಲ್ಲ. ದೀಪ ಒಂದು ಗೇಣು ಮ್ಯಾಲೈತೆ. ಇಳಿಸ್ರಿ."

ತಿರುಗಿಸಿದೆ.

"ಇನ್ನೂ."

ತಿರುಗಿಸಿದೆ.

"ಇನ್ನೊಂಚೂರು."

ಗೋಡೆಯ ಮೇಲೆ ನನಗೆ ಕಾಣುತ್ತಿದ್ದದ್ದು ಒಂದು ದೊಡ್ಡ ಬಿಳುಪು ಮಾತ್ರ. ಗೆರೆ ಅದರೊಳಗೆ ಎಲ್ಲೋ ಇತ್ತು. ಸಾಕು ಅಂದಳು. ನಾನು ಸ್ಕ್ರೂಡ್ರೈವರ್ ತೆಗೆದೆ.