ಲಂಡನ್ನಿನಿಂದ ಕಾಫಿ ಹೂವಿನವರೆಗೆ

ಈ ಪ್ರಯಾಣದ ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಹಾಸನದಲ್ಲಿ ತಿಂದದ್ದು ಇಡ್ಲಿಯೋ ಪೂರಿಯೋ ಈಗ ಹೇಳಲಾರೆ. ಹೊರಡುವ ಎರಡು ವಾರ ಮುನ್ನ ಹಾನುಬಾಳಿನಿಂದ ಚಿಕ್ಕಪ್ಪ ಫೋನಿನಲ್ಲಿ ಕೇಳಿದ್ದು ಮಾತ್ರ ಸರಿಯಾಗಿ ನೆನಪಿದೆ. ಲಂಡನ್ನಿನಿಂದ ಬೆಂಗಳೂರು ಎಷ್ಟು ದೂರ, ವಿಮಾನಕ್ಕೆ ಎಷ್ಟು ಹೊತ್ತು ಬೇಕು, ಹತ್ತಿದ ದಿನವೇ ಇಳಿಯುತ್ತೀಯೋ ಮಾರನೆಯ ದಿನವೋ? ಸುಮಾರು ಎಂಟು ಸಾವಿರ ಕಿಲೋಮೀಟರ್, ಹತ್ತು ಗಂಟೆ, ಇಳಿಯುವುದು ಮಾರನೆಯ ಬೆಳಿಗ್ಗೆ ಎಂದೆ. ಅವರು ಅದನ್ನೇ ಮತ್ತೊಮ್ಮೆ ಕೇಳಿದರು. ದೂರ ಕೇಳಿ ಬೆರಗಾಗಿದ್ದಾರೆ ಅಂದುಕೊಂಡೆ.

ಅದು ಮಾರ್ಚ್ ತಿಂಗಳು. ಓದಲು ಲಂಡನ್ನಿಗೆ ಹೋದ ಮೇಲೆ ನಾನು ಕಾಫಿ ಹೂವು ನೋಡಿರಲಿಲ್ಲ. ಸಿಕ್ಕಿದ್ದು ಒಂದು ವಾರದ ರಜೆ. ಹೂವು ಬೆಳ್ಳಗೆ ನಿಲ್ಲುವುದು ಎರಡು ಮೂರು ದಿನ. ಟಿಕೆಟ್ಟನ್ನು ತಿಂಗಳುಗಳ ಮುಂಚೆ ತೆಗೆದಿಡಬಹುದು, ಹೂವನ್ನು ಹಾಗೆ ಕಾಯ್ದಿರಿಸಲಾಗದು ಎಂದು ಗೊತ್ತಿದ್ದೇ ಹೊರಟೆ.

ವಿಮಾನದಲ್ಲಿ ಎದುರಿನ ಪುಟ್ಟ ಪರದೆ ಉಳಿದ ದೂರವನ್ನು ತೋರಿಸುತ್ತಲೇ ಇತ್ತು. ಬೆಂಗಳೂರಿನಲ್ಲಿ ಇಳಿದು ಮಂಗಳೂರು ಬಸ್ಸು ಹಿಡಿದ ಮೇಲೆ ಅಂಥ ಲೆಕ್ಕ ಯಾರೂ ಕೊಡಲಿಲ್ಲ. ಸಕಲೇಶಪುರ ಮುಟ್ಟಿ, ಹಾನುಬಾಳಿನ ಬಸ್ಸಿನಲ್ಲಿ ಕೂತಾಗ ಬಿಸಿಲು ಇಳಿಯುತ್ತಿತ್ತು. ಪಕ್ಕದ ಹೆಂಗಸು ನಾನೆಲ್ಲಿಂದ ಬಂದೆನೆಂದು ಕೇಳಿಕೊಂಡು, ವಿಮಾನದ ಸಮಯವನ್ನೂ ತಿಳಿದುಕೊಂಡರು.

"ಹತ್ತೇ ಗಂಟೆನಾ? ನಾವು ಹಾಸನದ ಆಸ್ಪತ್ರೆಗೆ ಹೋಗ್ಬುಟ್ಟು ಬರಾಕೂ ಅಷ್ಟೇ ಬೇಕು ಕಣವ್ವಾ."

ನಗುತ್ತಲೇ ಕಿಟಕಿಯಾಚೆ ನೋಡಿದೆ. ಎರಡೂ ಬದಿಯ ತೋಟಗಳಲ್ಲಿ ಹೂವು ಕಂದಿ ಕಂದುಬಣ್ಣಕ್ಕೆ ತಿರುಗಿತ್ತು. ಮೂರು ದಿನ ಮುಂಚೆ ಬರಬೇಕಿತ್ತು, ರಸ್ತೆಯುದ್ದಕ್ಕೂ ಬೆಳ್ಳಗಿತ್ತು ಎಂದರು ಆಕೆ.

ಹಾನುಬಾಳಿನ ಬಸ್‌ಸ್ಟ್ಯಾಂಡಿಗೆ ಚಿಕ್ಕಪ್ಪ ಜೀಪು ತಂದಿದ್ದರು. ಹೂವಿನ ಸುದ್ದಿ ಎತ್ತಲಿಲ್ಲ. ಚಿಕ್ಕಮ್ಮ ಕಡುಬು ಬಡಿಸಿ, ಬೆಳಿಗ್ಗೆ ಬೇಗ ಏಳು ಎಂದಷ್ಟೇ ಹೇಳಿದರು.

ಬೆಳಿಗ್ಗೆ ಚಿಕ್ಕಪ್ಪ ನನ್ನನ್ನು ಕೆರೆಯ ಕೆಳಗಿನ ರೋಬಸ್ಟಾ ಕಾಫಿಯ ತುಂಡಿಗೆ ಕರೆದೊಯ್ದರು. ಗಿಡಗಿಡವೂ ಬೆಳ್ಳಗಿತ್ತು, ಜೇನುಹುಳುಗಳ ಸದ್ದಿನಲ್ಲಿ ನಮ್ಮ ಹೆಜ್ಜೆ ಕೇಳಿಸುತ್ತಿರಲಿಲ್ಲ. ಬೇಲಿಯಾಚೆಯಿಂದ ಪಕ್ಕದ ತೋಟದವರು ನನ್ನನ್ನು ಕರೆದರು.

"ಎಲ್ರೂ ನೀರು ಕೊಟ್ಟಾಗ ಈ ತುಂಡಿನ ಪೈಪು ಸ್ಟೋರ್‌ನಲ್ಲೇ ಇಟ್ಕಂಡು ಕೂತ್ಬುಟ್ಟ ನಿಮ್ಮ ಚಿಕ್ಕಪ್ಪ. ಮೊಗ್ಗು ಒಣಗೋಗಿದ್ರೆ ಏನು ಕುಯ್ತಿದ್ದ, ಕೇಳವ್ವಾ."

"ಮೋಟ್ರು ಕೆಟ್ಟಿತ್ತು ಮಾರಾಯ," ಎಂದರು ಚಿಕ್ಕಪ್ಪ.

"ಮೇಲಿನ ತುಂಡಿಗೆ ಹಾಯ್ಸೋವಾಗ ಚೆನ್ನಾಗೇ ಇತ್ತಲ್ಲಾ?"

ಚಿಕ್ಕಪ್ಪ ಒಂದು ಗಿಡದ ಬುಡ ನೋಡಲು ಬಗ್ಗಿದರು. ಸ್ಪ್ರಿಂಕ್ಲರ್ ನೀರು ಬಿದ್ದ ಎಂಟನೆಯ ದಿನದ ಹೊತ್ತಿಗೆ ರೋಬಸ್ಟಾ ಅರಳುತ್ತದೆ ಎಂಬುದು ನನಗೂ ಗೊತ್ತು. ಆಗ, ಇಳಿಯುವುದು ಹತ್ತಿದ ದಿನವೋ ಮಾರನೆಯ ದಿನವೋ ಎಂದು ಅವರು ಫೋನಿನಲ್ಲಿ ಎರಡೆರಡು ಸಲ ಕೇಳಿದ್ದು ನೆನಪಾಯಿತು. ಅಥವಾ ಈ ಎರಡನ್ನೂ ನಾನು ಆಮೇಲೆ ಜೋಡಿಸಿಕೊಂಡೆನೋ ಏನೋ.

ಹೊರಡುವ ದಿನ ಹೂವು ಕಂದಿತ್ತು. ಹಾನುಬಾಳಿನ ಬಸ್‌ಸ್ಟ್ಯಾಂಡಿನಲ್ಲಿ ಕಾಳುಮೆಣಸಿನ ಪೊಟ್ಟಣವನ್ನು ನನ್ನ ಚೀಲಕ್ಕೆ ತುರುಕುತ್ತಿದ್ದ ಚಿಕ್ಕಪ್ಪನನ್ನು ಕೇಳಿದೆ: "ಚಿಕ್ಕಪ್ಪ, ಮೋಟ್ರು ನಿಜವಾಗ್ಲೂ ಕೆಟ್ಟಿತ್ತಾ?"

ಬಸ್ಸು ಬಂತು. ಕಿಟಕಿ ಪಕ್ಕ ಕೂರು, ಗಾಳಿ ಬರುತ್ತದೆ ಎಂದರು. ಆಮೇಲೆ ಫೋನಿನಲ್ಲೂ ಕೇಳಿದ್ದೇನೆ. ಪ್ರತಿಸಲವೂ ಅವರು, ಅಲ್ಲಿ ಈಗ ಮಳೆಯೋ ಬಿಸಿಲೋ ಎಂದು ನನ್ನನ್ನೇ ವಿಚಾರಿಸುತ್ತಾರೆ.