ಬಾರಕೋಲಿದ್ದ ಮನೆ

ಒದ್ದೆ ಹತ್ತಿ ಅರಿವೆಗೆ ಒಂದು ವಾಸನೆ ಇರುತ್ತದೆ. ಬಾವಿನೀರು, ತಾಮ್ರದ ಕೊಡ, ಸ್ವಲ್ಪ ಪಾಚಿ, ಎಲ್ಲ ಕಲೆತಂಥ ತಣ್ಣನೆಯ ವಾಸನೆ. ಹೋದ ತಿಂಗಳು ಅಥಣಿಯಲ್ಲಿ ಬೀಗರ ಮನೆಗೆ ಹೋಗಿದ್ದಾಗ ಆ ಮನೆಯ ಹಿರಿಯಾಕೆ ಕೊಡದ ಬಾಯಿಗೆ ಅರಿವೆ ಕಟ್ಟಿ ನೀರು ಸೋಸುತ್ತಿದ್ದಳು. ನಾನು ಪಕ್ಕದಲ್ಲಿ ಹಾದುಹೋದೆ, ಅಷ್ಟೆ. ಆ ವಾಸನೆ ನನ್ನನ್ನು ಎಳೆದುಕೊಂಡು ಹೋಗಿ ಸದಲಗಾದ ನಮ್ಮ ತೋಟದ ಮನೆಯ ಅಂಗಳದಲ್ಲಿ ನಿಲ್ಲಿಸಿತು. ನಾವು ಜೈನರು, ತಲೆತಲಾಂತರದಿಂದ ದೂಧಗಂಗೆಯ ದಂಡೆಗೆ ಕಬ್ಬು ಬೆಳೆದವರು. ನನ್ನ ಆಯಿ, ಅಂದರೆ ಅಪ್ಪನ ತಾಯಿ, ನೀರು ಸೋಸಿದ ಮೇಲೆ ಆ ಅರಿವೆಯನ್ನು ಹಿಂಡುತ್ತಿರಲಿಲ್ಲ. ಮಗ್ಗಲು ತಿರುಗಿಸಿ, ಮೇಲೆ ಸೋಸಿದ ನೀರು ಹೊಯ್ದು, ಆ ನೀರನ್ನು ಸಣ್ಣ ಚೆಂಬಿನಲ್ಲಿ ಹಿಡಿದು, ಹಗ್ಗ ಕಟ್ಟಿ ಮೆಲ್ಲಗೆ ಬಾವಿಗೆ ಇಳಿಬಿಡುತ್ತಿದ್ದಳು. "ಅದರಾಗ ಜೀವ ಇರ್ತಾವ ಯವ್ವಾ. ಎಲ್ಲಿಂದ ಬಂದಾವೋ ಅಲ್ಲೇ ಬಿಡಬೇಕು," ಅನ್ನುತ್ತಿದ್ದಳು. ಒಲೆ ಹೊತ್ತಿಸುವ ಮೊದಲು ಇರುವೆ ಇದ್ದಾವೇನೋ ಎಂದು ಸೆರಗಿನ ತುದಿಯಿಂದ ಬೂದಿ ಸರಿಸಿ ನೋಡುತ್ತಿದ್ದಳು. ನೋಯಿಸುವುದು ಪಾಪ ಎಂಬ ಮಾತನ್ನು ನಾನು ಹಾಲಿನ ಜೊತೆಗೇ ಕುಡಿದು ಬೆಳೆದೆ. ಅದೇ ಮನೆಯ ಪಡಸಾಲೆಯ ಗೂಟಕ್ಕೆ ಒಂದು ಬಾರಕೋಲು ತೂಗುತ್ತಿತ್ತು. ಅದು ಎತ್ತುಗಳಿಗಷ್ಟೇ ಮೀಸಲಾಗಿರಲಿಲ್ಲ.

ನಾನು ಇನ್ನೂ ನಡೆಯಲು ಕಲಿಯುವ ಮೊದಲೇ ಅವ್ವ ತೀರಿಕೊಂಡಿದ್ದಳು. ಅಪ್ಪ ಮಾತು ಕಡಿಮೆಯ ಮನುಷ್ಯ. ನನ್ನನ್ನು ಎತ್ತಿ ಆಡಿಸಿ ಬೆಳೆಸಿದ್ದು ಪದ್ಮಾ ಕಾಕು, ಅಪ್ಪನ ತಮ್ಮ ಭೂಪಾಲ ಕಾಕಾನ ಹೆಂಡತಿ. ಕಾಗವಾಡದ ಕಡೆಯವಳು. ಸಣ್ಣ ಆಳು, ದೊಡ್ಡ ನಗು. ತಲೆ ಬಾಚುವಾಗ ಅವಳ ಕೈಯಿಂದ ಜೋಳದ ಹಿಟ್ಟಿನ, ಶೇಂಗಾ ಚಟ್ನಿಯ ಘಮ ಬರುತ್ತಿತ್ತು. ಅವಳಿಗೆ ಮಕ್ಕಳಾಗಿರಲಿಲ್ಲ. ಕಾಕಾನ ಲೆಕ್ಕದಲ್ಲಿ ಅದೂ ಅವಳದೇ ತಪ್ಪು. ರೊಟ್ಟಿ ಆರಿದ್ದು ತಪ್ಪು, ಕರೆದಾಗ ತಡವಾಗಿ ಓಗೊಟ್ಟದ್ದು ತಪ್ಪು, ದ್ರಾಕ್ಷಿ ವ್ಯಾಪಾರಿಯ ಮಾತಿಗೆ ನಕ್ಕದ್ದು ತಪ್ಪು. ಬಾರಕೋಲು ಮೊದಲು ಗಾಳಿಯನ್ನು ಸೀಳುತ್ತದೆ, ಆಮೇಲೆ ಚರ್ಮವನ್ನು. ಆ ಎರಡು ಸದ್ದುಗಳ ನಡುವೆ ಒಂದು ಉಸಿರಿನಷ್ಟು ಜಾಗ ಇರುತ್ತದೆ. ನನ್ನ ಬಾಲ್ಯದ ಬಹುಭಾಗ ಆ ಜಾಗದಲ್ಲೇ ಕಳೆಯಿತು ಅನ್ನಿಸುತ್ತದೆ. ಹೊಡೆತ ಸುರುವಾದರೆ ಆಯಿಯ ಜಪದ ದನಿ ಏರುತ್ತಿತ್ತು. ಅಪ್ಪ ಪೇಪರು ಮಡಚಿಕೊಂಡು ಬದುವಿನ ಕಡೆ ನಡೆಯುತ್ತಿದ್ದ. ನಾನು ಜೋಳದ ಚೀಲಕ್ಕೆ ಮುಖ ಒತ್ತಿ ಕೂರುತ್ತಿದ್ದೆ. ಎಲ್ಲ ಮುಗಿದ ಮೇಲೆ ಆಯಿ ಅರಿಷಿಣ ಕಲಸಿದ ಎಣ್ಣೆ ತಂದು ಕಾಕುವಿನ ಬೆನ್ನಿಗೆ ಹಚ್ಚುತ್ತಿದ್ದಳು. ಅಂಥದೊಂದು ಮಧ್ಯಾಹ್ನ ಕಾಕು ತಿರುಗಿ ನೋಡದೆಯೇ ಕೇಳಿದಳು: "ಅತ್ತಿ, ನೀರಾಗಿನ ಹುಳಾನೂ ತಿರಿಗಿ ಬಾವ್ಯಾಗ ಬಿಡ್ತೀರಿ. ನನ್ನ ಎಲ್ಲಿ ಬಿಡ್ತೀರಿ?" ಆಯಿಯ ಕೈ ಬೆನ್ನ ಮೇಲೆ ನಿಂತಿತು.

ಆ ವರ್ಷ ಕಬ್ಬು ಕಡಿಯಲು ಗಡಿಯಾಚೆಯಿಂದ ಒಂದು ಗ್ಯಾಂಗ್ ಬಂದು ನಮ್ಮ ಹೊಲದಲ್ಲೇ ಗುಡಿಸಲು ಹಾಕಿತ್ತು. ಒಂದು ಮುಂಜಾನೆ ಅವರಲ್ಲಿ ಒಬ್ಬ ಹುಡುಗಪ್ರಾಯದವನ ಎತ್ತು ಹಗ್ಗ ಹರಿದುಕೊಂಡು ಕಾಕಾ ಹೊಸದಾಗಿ ಹಚ್ಚಿದ್ದ ದ್ರಾಕ್ಷಿ ಪಡಕ್ಕೆ ನುಗ್ಗಿ ಬಳ್ಳಿಗಳನ್ನು ತುಳಿದುಹಾಕಿತು. ಕಾಕಾ ಅವನನ್ನು ಕೂದಲು ಹಿಡಿದು ಎಳೆದುಕೊಂಡು ಬಂದು ಅಂಗಳದ ಬೇವಿನ ಮರಕ್ಕೆ ಕಟ್ಟಿದ. ಮೊದಲ ಏಟಿಗೆ ಅಂಗಿ ಹರಿಯಿತು. ಆಮೇಲಿನವು ಮೈಯನ್ನೇ ಹರಿದವು. ಅವನ ಹೆಂಡತಿ, ಬಸುರಿ, ಓಡಿಬಂದು ಕಾಕಾನ ಕಾಲಿಗೆ ಬಿದ್ದು "ಸೋಡಾ ಮಾಲಕ, ತ್ಯಾಲಾ ಸೋಡಾ," ಬಿಡ್ರಿ ಅವನ್ನ, ಎಂದು ಮರಾಠಿಯಲ್ಲಿ ಅರಚುತ್ತಿದ್ದಳು. ಕಾಕಾ ಅವಳನ್ನು ಒದ್ದ. ಗ್ಯಾಂಗಿನ ಗಂಡಸರು ದೂರ ನಿಂತಿದ್ದರು, ನಮ್ಮ ಆಳುಗಳು ನೆಲ ನೋಡುತ್ತಿದ್ದರು. ಒಳಗೆ ಆಯಿಯ ಜಪ ಏರುತ್ತಿತ್ತು. ಅಪ್ಪ ಪೇಪರು ಮಡಚುತ್ತಿದ್ದ.

ಕಾಕು ಅಡಿಗೆಮನೆಯಿಂದ ಹೊರಗೆ ಬಂದಳು. ಕೈಗೆಲ್ಲ ಹಿಟ್ಟು. ನೆಟ್ಟಗೆ ಹೋಗಿ ಆ ಹುಡುಗನ ಮುಂದೆ, ಅವನಿಗೆ ಬೆನ್ನು ಮಾಡಿ ನಿಂತಳು.

"ಸರಿಯೇ ಆಕಡೆ," ಅಂದ ಕಾಕಾ.

"ಸರಿಯಂಗಿಲ್ಲ."

ಬಾರಕೋಲು ಅವಳ ಕೆನ್ನೆಯಿಂದ ಕೊರಳವರೆಗೆ ಒಂದು ಗೆರೆ ಎಳೆಯಿತು. ರಕ್ತ ಕೂಡಲೇ ಬರಲಿಲ್ಲ, ಒಂದು ಕ್ಷಣ ಬಿಟ್ಟು ಜಿನುಗಿತು. ಎರಡನೆಯ ಏಟನ್ನು ಅವಳು ಕೈಯಲ್ಲಿ ಹಿಡಿದಳು. ಬಾರು ಮುಂಗೈಗೆ ಸುತ್ತಿಕೊಂಡಿತು. ಕಾಕಾ ಜಗ್ಗಿದ. ಅವಳು ಬಿಡಲಿಲ್ಲ. ಆಗ ಅವನು ಕೋಲು ಬಿಸಾಕಿ, ಅವಳ ತುರುಬಿಗೆ ಕೈ ಹಾಕಿ, ದನಗಳು ನೀರು ಕುಡಿಯುವ ಕಲ್ಲಿನ ದೋಣಿಗೆ ಅವಳ ತಲೆಯನ್ನು ಅಪ್ಪಳಿಸಿದ. ಹಸಿ ತೆಂಗಿನಕಾಯಿ ಒಡೆದಂಥ ಸದ್ದಾಯಿತು. ದೋಣಿಯ ನೀರು ಕೆಂಪಾಯಿತು. ಸತ್ತಳು ಅಂದುಕೊಂಡೆ. ಕಾಕಾನೂ ಹಾಗೇ ಅಂದುಕೊಂಡಿರಬೇಕು, ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಅವಳು ದೋಣಿಯ ಅಂಚು ಹಿಡಿದು ಎದ್ದಳು. ಕಣ್ಣಿಗೆ ಇಳಿದ ರಕ್ತವನ್ನು ಸೆರಗಿನಲ್ಲಿ ಒರೆಸಿಕೊಂಡು ಮರದ ಹತ್ತಿರ ನಡೆದಳು. ಬಾರಿನ ಜಗ್ಗಾಟದಲ್ಲಿ ಬೆರಳು ಮುರಿದಿದ್ದರಿಂದ ಗಂಟು ಬಿಚ್ಚಲಾಗಲಿಲ್ಲ. ಹಲ್ಲಿನಿಂದ ಬಿಚ್ಚಿದಳು. ಯಾರೂ ತಡೆಯಲಿಲ್ಲ. ಹುಡುಗ ಕುಸಿದುಬಿದ್ದ ಮೇಲೆ ಅವಳು ಪಡಸಾಲೆಯ ಕಡೆ ತಿರುಗಿದಳು. ದನಿ ಎತ್ತರಿಸಲಿಲ್ಲ. "ನೀವು ಕಲಿಸಿದ್ದ ಖರೇ ಅಂತ ನಂಬೀನ್ರಿ ಅತ್ತಿ. ಜೀವ ನೋಯಿಸಬಾರದು. ನಂದೂ ಒಂದ ಜೀವ ಐತಿ." ಜಪ ನಿಂತಿತ್ತು. ಆಯಿ ಬಾಗಿಲ ಚೌಕಟ್ಟಿಗೆ ಆತುಕೊಂಡು ನಿಂತಿದ್ದಳು.

ಗ್ಯಾಂಗಿನವರು ಚಕ್ಕಡಿ ಹೂಡಿದರು. ಹುಡುಗನನ್ನು ಮಲಗಿಸಿ, ಅವನ ಹೆಂಡತಿಯನ್ನು ಕೂರಿಸಿ, ಕಾಕುವೂ ಹತ್ತಿದಳು. ನಾನು ಓಡಿಹೋಗಿ ಅವಳ ಸೀರೆ ಹಿಡಿದೆ. ಅವಳು ನನ್ನ ತಲೆಯ ಮೇಲೆ ಕೈ ಇಟ್ಟು, "ನಿನ್ನ ಕರಕೊಂಡ ಹೋಗಾಕ ಬಿಡಂಗಿಲ್ಲ ಬೇ ಇವರು," ಅಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಎಷ್ಟೋ ವರ್ಷ ನಾನು ಕಾಕಾನಿಗಿಂತ ಹೆಚ್ಚಾಗಿ ಅವಳನ್ನೇ ದ್ವೇಷಿಸಿದೆ. ಅವಳು ಹೋದ ಮೇಲೆ ನನ್ನ ತಲೆ ಬಾಚುವವರು ಇರಲಿಲ್ಲ.

ಅವಳು ಚಿಕ್ಕೋಡಿಯ ದವಾಖಾನೆಯಲ್ಲಿ ಜೀವ ಉಳಿಸಿಕೊಂಡಳು, ಹುಡುಗನೂ ಬದುಕಿದ. ಕರೆತರಲು ಹೋದ ಅಪ್ಪ ಒಬ್ಬನೇ ತಿರುಗಿ ಬಂದ. "ಬರಂಗಿಲ್ಲಂತ," ಎಂದಷ್ಟೇ ಹೇಳಿದ. ಕಾಗವಾಡದ ತವರೂ ಬಾಗಿಲು ಹಾಕಿಕೊಂಡಿತಂತೆ. ಅವಳು ನಿಪ್ಪಾಣಿಯಲ್ಲಿ ಹೊಲಿಗೆ ಕಲಿತು, ಕೊನೆಗೆ ಶಿರಗುಪ್ಪಿಯಲ್ಲಿ ಒಂದು ಕೋಣೆ ಹಿಡಿದು, ಕಬ್ಬಿನ ಹಂಗಾಮಿನಲ್ಲಿ ಗ್ಯಾಂಗಿನವರ ಕೂಸುಗಳನ್ನು ಹಗಲೆಲ್ಲ ನೋಡಿಕೊಳ್ಳತೊಡಗಿದಳು. ನಾನು ನರ್ಸಿಂಗ್ ಕಲಿತು ಕೆಲಸಕ್ಕೆ ಸೇರಿದ ಮೇಲೆ ಹುಡುಕಿಕೊಂಡು ಹೋದೆ. ಕೋಣೆಯ ತುಂಬ ಅರಿವೆಯ ತೊಟ್ಟಿಲುಗಳು. ಕೆನ್ನೆಯ ಗೆರೆ ಬೆಳ್ಳಗಾಗಿತ್ತು, ಎಡಗಿವಿ ಕೇಳಿಸುತ್ತಿರಲಿಲ್ಲ. ಬಲಗಡೆ ಕೂತು ಕೇಳಿದೆ, ಅಷ್ಟು ಧೈರ್ಯ ಎಲ್ಲಿಂದ ಬಂತು ಅಂತ. "ಎಲ್ಲೀ ಧೈರ್ಯ ಬೇ? ಆವತ್ತ ಕಾಲ ತಾವ ನಡದ್ವು. ಅಂಜಿಕಿ ಆಮ್ಯಾಲೆ ಬಂತು. ಬಾಗಲಾ ಬಡದ ಸದ್ದಾದ್ರೂ ಮೈ ನಡಗತಿತ್ತು. ಹಂಗ ನಡಗಕೋಂತನ ಇದನ್ನೆಲ್ಲಾ ಮಾಡೀನಿ," ಅಂದು ನಕ್ಕಳು. ಅದೇ ದೊಡ್ಡ ನಗು. ನಾನು ಅವಳ ತೊಡೆಯ ಮೇಲೆ ತಲೆಯಿಟ್ಟು ಅತ್ತೆ.

ಈಗ ನಮ್ಮ ವಾರ್ಡಿಗೆ ಕಣ್ಣು ಬಾತ ಹೆಂಗಸರು ಬಂದು "ಬಚ್ಚಲದಾಗ ಜಾರಿ ಬಿದ್ದೇನ್ರಿ" ಅಂದಾಗ, ಜೊತೆಗೆ ಬಂದ ಗಂಡನನ್ನು ಹೊರಗೆ ಕಳಿಸಿ, ಬಾಗಿಲು ಹಾಕಿ, ಪಕ್ಕದಲ್ಲಿ ಕೂತು ಮತ್ತೊಮ್ಮೆ ಕೇಳುತ್ತೇನೆ. ಒಮ್ಮೆ ಒಬ್ಬ ಗಂಡ ಇದಕ್ಕಾಗಿ ನನ್ನ ಕೈ ತಿರುಚಿದ. ಮೈ ನಡುಗಿತು. ಆದರೂ ಮರುದಿನ ಬಂದವಳನ್ನೂ ಕೇಳಿದೆ.

ಕಾಕಾ ಲಕವಾ ಹೊಡೆದು, ಆಯಿಯ ಕೈಯಿಂದಲೇ ಗಂಜಿ ಕುಡಿಯುತ್ತ ತೀರಿಕೊಂಡ. ಆಯಿ ಕೊನೆಯವರೆಗೂ ಕಾಕುವಿನ ಹೆಸರು ಎತ್ತಲಿಲ್ಲ, ಆದರೆ ಆ ದಿನದ ಮೇಲೆ ಅವಳು ಗಟ್ಟಿಯಾಗಿ ಜಪ ಮಾಡಿದ್ದನ್ನು ನಾನು ಕೇಳಲಿಲ್ಲ. ಅಪ್ಪನೂ ಹೋದ. ಮಹಾಪೂರದಲ್ಲಿ ಮಣ್ಣಿನ ಗೋಡೆಗಳು ಕುಳಿತವು, ಉಳಿದದ್ದನ್ನು ಹೊಲ ಕೊಂಡವರು ನೆಲಸಮ ಮಾಡಿದರು. ಹೋದ ಚಳಿಗಾಲ ಕಾಕು ಶಿರಗುಪ್ಪಿಯಲ್ಲಿ ಕಣ್ಣು ಮುಚ್ಚಿದಳು. ಅವಳನ್ನು ಹೊತ್ತವರಲ್ಲಿ ನಮ್ಮ ಮನೆತನದ ಗಂಡಸರು ಯಾರೂ ಇರಲಿಲ್ಲ. ಕಬ್ಬು ಕಡಿಯುವವರು ಹೊತ್ತರು.

ಅಲ್ಲಿಂದ ಬರುವಾಗ ಮಗಳನ್ನು ಸದಲಗಾದ ಹೊಲಕ್ಕೆ ಕರೆದುಕೊಂಡು ಹೋದೆ. ಆಳೆತ್ತರದ ಕಬ್ಬು, ಗಾಳಿಗೆ ಅಲಗು ಉಜ್ಜಿದಂಥ ಸದ್ದು. "ಮನಿ ಎಲ್ಲಿತ್ತವ್ವಾ?" ಎಂದಳು. ಅಡಿಗೆಮನೆ ಎಲ್ಲಿತ್ತು, ಪಡಸಾಲೆ ಎಲ್ಲಿತ್ತು, ನಾನು ಮಲಗುತ್ತಿದ್ದ ಕೋಣೆ ಯಾವುದು, ಒಂದೂ ಗುರುತು ಹತ್ತಲಿಲ್ಲ. ಬಹಳ ಹೊತ್ತು ಹುಡುಕಿ, ದಾರಿಯಿಂದ ಹೊಲಕ್ಕೆ ಚಕ್ಕಡಿ ತಿರುಗುವ ಜಾಗದಲ್ಲಿ ನಿಂತೆ.

"ಮನಿ ಗೊತ್ತಾಗವಲ್ದು," ಅಂದೆ. "ಕಾಕು ಹ್ವಾದದ್ದ ಮಾತ್ರ ಇಲ್ಲಿಂದ."